ಗದ್ದೆ ಇಲ್ಲದ ಮುಯ್ಯಾಳು

ಹೈದರಾಬಾದ್
9 ಜೂನ್ 2024

ದೊಡ್ಡಮ್ಮನಿಗೆ ಶೃತಿಯ ನಮಸ್ಕಾರ.

ಕಾಗದ ಕಂಡು ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ನೀವು ಸಿಗ್ನಲ್ಲಿಗಾಗಿ ಕಣದ ಮೇಲಿನ ದಿಬ್ಬ ಹತ್ತಬೇಕು. ಹತ್ತಿದ ಮೇಲೂ ಕಾಲಿಗೆ ರಕ್ತ ಹೀರುವ ಇಂಬಳ, ಕಿವಿಗೆ ಬರೀ ಹಲೋ ಹಲೋ. ಅದೂ ಅಲ್ಲದೆ ನನಗೆ ಬೇಕಾಗಿರುವುದು ನಿಮ್ಮ ಮಾತು ಬರವಣಿಗೆಯಲ್ಲೇ. ಗೈಡ್ ಮೇಡಂ ಹಾಗಂತ ಪಟ್ಟು ಹಿಡಿದಿದ್ದಾರೆ.

ನನ್ನ ಪಿಎಚ್‌ಡಿ ಯಾವುದರ ಮೇಲೆ ಅಂತ ಯಾರಾದರೂ ಕೇಳಿದರೆ ಅಮ್ಮ 'ಏನೋ ಫಿಲಾಸಫಿ' ಅಂದು ಜಾರಿಕೊಳ್ಳುತ್ತಾಳೆ. ನಿಮಗೆ ಸರಿಯಾಗಿ ಹೇಳುತ್ತೇನೆ. 'ಇದು ಯಾತಕ್ಕೆ ಇದೆ?' ಅನ್ನುವ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಶಾಸ್ತ್ರದವರು ಹೇಗೆ ಕೇಳುತ್ತಾರೆ ಅನ್ನುವುದು ನನ್ನ ವಿಷಯ. ಪ್ರಾಣಿಶಾಸ್ತ್ರದವರು ಹೃದಯ ಇರುವುದು ರಕ್ತ ಹರಿಸಲಿಕ್ಕೆ ಅನ್ನುತ್ತಾರೆ. ಹೃದಯ ಡವಡವ ಸದ್ದನ್ನೂ ಮಾಡುತ್ತದೆ, ಆದರೆ ಸದ್ದಿಗೋಸ್ಕರ ಹೃದಯ ಇದೆ ಅಂತ ಯಾರೂ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ? ಎಂಜಿನಿಯರಿಂಗ್‌ನವರನ್ನು ಕೇಳಿದರೆ, ಮಾಡಿದವನ ಮನಸ್ಸಲ್ಲಿ ಏನಿತ್ತೋ ಅದೇ ವಸ್ತುವಿನ ಉದ್ದೇಶ ಅನ್ನುತ್ತಾರೆ. ಸಮಾಜಶಾಸ್ತ್ರದವರು, ಮನಸ್ಸಿನ ಮಾತು ಬಿಡಿ, ಅದರಿಂದ ಊರಿಗೆ ಏನಾಗುತ್ತದೆ ಅಂತ ನೋಡಿ ಅನ್ನುತ್ತಾರೆ. ಮೂರು ಡಿಪಾರ್ಟ್‌ಮೆಂಟಿನಲ್ಲಿ ಕೂತು ಬಂದ ಮೇಲೆ ನಾನು ಯಾತಕ್ಕೆ ಇದ್ದೇನೆ ಅನ್ನುವುದೇ ನನಗೆ ಮರೆತುಹೋಗುತ್ತದೆ.

ಈಗ ನಿಮ್ಮ ವಿಷಯ. ನಾವು ಚಿಕ್ಕವರಿದ್ದಾಗ ನಾಟಿ ಕಾಲದಲ್ಲಿ ಭದ್ರಮ್ಮ ನಿಮ್ಮ ಗದ್ದೆಗೆ ಮುಯ್ಯಾಳಾಗಿ ಬರುತ್ತಿದ್ದರು, ನೀವು ಅವರ ಗದ್ದೆಗೆ ಹೋಗುತ್ತಿದ್ದಿರಿ. ಕೂಲಿ ಇಲ್ಲ, ಆಳಿಗೆ ಆಳು. ಆನೆ ಕಾಟಕ್ಕೆ ಎರಡೂ ಮನೆಯವರು ಭತ್ತ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ನೀವಿಬ್ಬರು ಈಗಲೂ ವರ್ಷಕ್ಕೊಂದು ದಿನ ಅವರ ಮನೆಗೆ ನೀವು, ನಿಮ್ಮ ಮನೆಗೆ ಅವರು ಮುಯ್ಯಾಳು ಹೋಗುತ್ತೀರಂತೆ. ಅಮ್ಮ ಹೇಳಿ ನಕ್ಕಳು. ನಿಜವಾ? ನಾಟಿಯೇ ಇಲ್ಲದ ಮೇಲೆ ಹೋಗಿ ಏನು ಮಾಡುತ್ತೀರಿ? ಯಾತಕ್ಕೆ ಹೋಗುತ್ತೀರಿ? ಬರೆದು ಕಳಿಸಿ, ನನ್ನ ಪುಣ್ಯ ಇದ್ದರೆ ಒಂದು ಅಧ್ಯಾಯ ಆದೀತು.

ನಿಮ್ಮ
ಶೃತಿ

---

ಹೊಂಗಡಹಳ್ಳ
14 ಜುಲೈ 2024

ಮಗಾ ಶೃತಿ,

ನಿನ್ನ ಕಾಗದ ಬಂತು. ನಿಮ್ಮ ದೊಡ್ಡಪ್ಪ ಕೋರ್ಟಿಂದ ಬಂತೇನೋ ಅಂತ ಎರಡು ದಿನ ಒಡೆಯದೆ ಇಟ್ಟಿದ್ದರು. ನಾನು ಒಡೆದು ಓದಿದರೆ ಒಳಗೆ ಹೃದಯ ಯಾತಕ್ಕೆ ಇದೆ ಅಂತ! ಅಷ್ಟು ಓದಿದ ನೀನು ಮೊದಲು ಒಂದು ಹೇಳು, ಇಂಬಳ ಯಾತಕ್ಕೆ ಇದೆ? ಅದಕ್ಕೆ ಉತ್ತರ ಕೊಟ್ಟರೆ ನಿನ್ನ ಶಾಸ್ತ್ರ ಎಲ್ಲಾ ಒಪ್ಪಿಕೊಳ್ತೀನಿ.

ಹೌದು, ಹೋಗ್ತೀನಿ. ಮೊನ್ನೆ ಬುಧವಾರವೂ ಹೋಗಿಬಂದೆ. ಹೋದ ಮೇಲೆ ಸುಮ್ಮನೆ ಕೂರುವ ಹಾಗಿಲ್ಲ. ಕೂತರೆ ಅದು ನೆಂಟಸ್ತನ ಆಗಿಬಿಡುತ್ತೆ. ಮುಯ್ಯಾಳು ಅಂದ ಮೇಲೆ ಅವರು ಕೆಲಸ ತೋರಿಸಬೇಕು, ನಾವು ಮಾಡಬೇಕು, ಮಾಡಿದ ಮೇಲೆ ಅವರು ಹೊಟ್ಟೆ ತುಂಬ ಊಟ ಹಾಕಬೇಕು. ಗದ್ದೆ ಇದ್ದಾಗ ಕೆಲಸಕ್ಕೇನು ಬರ? ಈಗ ಭದ್ರಕ್ಕನಿಗೆ ಅದೇ ಯೋಚನೆ. ಈ ಸಲ ಹೋಗಿ ನೋಡ್ತೀನಿ, ಕೊಟ್ಟಿಗೆಯಲ್ಲಿ ಅವಳ ಮಗ ಶಿವು ಬೇಸಗೆಯಲ್ಲಿ ಚೆಂದವಾಗಿ ಪೇರಿಸಿದ್ದ ಸೌದೆ ಎಲ್ಲಾ ನೆಲದ ಮೇಲೆ ಬಿದ್ದಿದೆ. 'ಮಳೇಗೆ ಕುಸ್ದೋಯ್ತು ಕಣೆ ಗಂಗಾ, ನೀನ್ ಬಂದಿದ್ದು ಒಳ್ಳೇದೇ ಆಯ್ತು' ಅಂದಳು. ಕೊಟ್ಟಿಗೆಗೆ ಹೆಂಚು ಗಟ್ಟಿ ಇದೆ, ಒಂದು ಹನಿ ಒಳಗೆ ಬರಲ್ಲ. ನಾನು ಬಾಯಿ ಬಿಡಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ಪೇರಿಸಿದೆವು. ಆಮೇಲೆ ಕಡುಬು, ನಾಟಿಕೋಳಿ ಸಾರು.

ನಾನೇನು ಕಮ್ಮಿ ಅಂದುಕೊಂಡೆಯಾ? ಹೋದ ವರ್ಷ ಅವಳು ನಮ್ಮ ಮನೆಗೆ ಬರುವ ಹಿಂದಿನ ದಿನ, ಗಟ್ಟಿಯಾಗಿದ್ದ ಕಾಫಿ ಚೀಲಗಳ ಹೊಲಿಗೆಯೆಲ್ಲ ಬಿಚ್ಚಿಟ್ಟಿದ್ದೆ. ಅವಳು ಬಂದು ದಬ್ಬಣ ಹಿಡಿದು ಇಡೀ ದಿನ ಹೊಲಿದಳು. ಅವಳಿಗೂ ಗೊತ್ತಾಗಿರುತ್ತೆ, ಆದರೆ ಅವಳು ಬಾಯಿ ಬಿಡಲಿಲ್ಲ.

ಯಾತಕ್ಕೆ ಅಂದರೆ ಏನು ಹೇಳಲಿ? ಹೋಗದೆ ಇದ್ದರೆ ಅವಳು ಏನಂದುಕೊಂಡಾಳು ಅಂತ ಬರೆದೆ, ಬರೆದು ಹೊಡೆದುಹಾಕಿದೆ, ಅದು ಉತ್ತರ ಅನ್ನಿಸಲಿಲ್ಲ. 'ನನ್ಗೆ ಮಾತಾಡಕ್ಕೆ ಜನ ಇಲ್ಲ' ಅಂತ ಅವಳು ಆಗಾಗ ಅಂತಾಳೆ. ಮನೆ ತುಂಬ ಮಗ, ಸೊಸೆ, ಮೊಮ್ಮಕ್ಕಳು, ಟಿವಿ ಎಲ್ಲಾ ಇಟ್ಟುಕೊಂಡು ಹಾಗಂತಾಳೆ, ಅವಳ ಕಥೆ ಬಿಡು. ಸರಿಯಾಗಿ ಊಟ ಮಾಡು.

ಇಂತಿ
ಗಂಗಾಮಣಿ ದೊಡ್ಡಮ್ಮ

---

ಹೈದರಾಬಾದ್
2 ಆಗಸ್ಟ್ 2024

ದೊಡ್ಡಮ್ಮ,

ನಿಮ್ಮ ಕಾಗದವನ್ನು ಓದಿ ನನ್ನ ರೂಮ್‌ಮೇಟ್ ಚೈತ್ರಶ್ರೀಗೂ ಓದಿ ಹೇಳಿದೆ. ಅವಳು ಪ್ರಾಣಿಶಾಸ್ತ್ರದವಳು. ಇಂಬಳದ ಪ್ರಶ್ನೆಗೆ ಅವಳ ಉತ್ತರ: ಇಂಬಳದ ಬಾಯಿಗೆ ಒಂದು ಕೆಲಸ ಇದೆ, ರಕ್ತ ಹೀರುವುದು. ಇಂಬಳದ ಹೊಟ್ಟೆಗೂ ಕೆಲಸ ಇದೆ. ಆದರೆ ಇಡೀ ಇಂಬಳಕ್ಕೆ ಯಾವ ಕೆಲಸವೂ ಇಲ್ಲ, ಅದು ಸುಮ್ಮನೆ ಇದೆ. ಭಾಗಗಳಿಗೆ ಉದ್ದೇಶ ಇರುತ್ತದೆ, ಪೂರ್ತಿಗೆ ಇರುವುದಿಲ್ಲ ಅಂತ. ನಾನು ಅದನ್ನು ಬರೆದಿಟ್ಟುಕೊಂಡೆ, ಆದರೆ ನಿಮ್ಮ ಮುಯ್ಯಿ ದಿನ ಭಾಗವೋ ಪೂರ್ತಿಯೋ ಅನ್ನುವುದು ತಿಳಿಯುತ್ತಿಲ್ಲ.

ನಿಮಗೆ ಗೊತ್ತಾಗದೆ ನೀವು ಎಷ್ಟು ದೊಡ್ಡ ವಿಷಯ ಹೇಳಿದ್ದೀರಿ ಗೊತ್ತಾ? ಮೊದಲು ಕೆಲಸ ಇತ್ತು, ಅದಕ್ಕೆ ಆಳು ಬೇಕಿತ್ತು. ಈಗ ಆಳು ಬರುವುದು ಮೊದಲೇ ಗೊತ್ತಾಗಿದೆ, ಅದಕ್ಕಾಗಿ ಕೆಲಸ ಹುಟ್ಟಿಸುತ್ತಿದ್ದೀರಿ. ಗಾಡಿಗೆ ಎತ್ತು ಹುಡುಕುವುದು ಬಿಟ್ಟು ಎತ್ತಿಗಾಗಿ ಗಾಡಿ ಹುಡುಕಿದ ಹಾಗೆ. ಗೈಡ್ ಮೇಡಂ ಇದನ್ನು ಕೇಳಿ ಕುರ್ಚಿಯಿಂದ ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ಉಪಕಾರ ಮಾಡಿ. ದೊಡ್ಡಪ್ಪನನ್ನು, ಭದ್ರಮ್ಮನನ್ನು, ಇನ್ನು ಯಾರಾದರೂ ಒಬ್ಬರನ್ನು ಕೇಳಿ: ಇದು ಯಾತಕ್ಕೆ? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

ಶೃತಿ

---

ಹೊಂಗಡಹಳ್ಳ
20 ಸೆಪ್ಟೆಂಬರ್ 2024

ಮಗಾ ಶೃತಿ,

ನಿನ್ನ ಇಂಬಳದ ಉತ್ತರ ಓದಿದಾಗಿನಿಂದ ನನಗೆ ತಲೆ ಕೆಟ್ಟಿದೆ. ಈ ಮನೆಯಲ್ಲಿ ನಾನು ಬಾಯಿಯೋ ಇಂಬಳವೋ? ನಿಮ್ಮ ದೊಡ್ಡಪ್ಪ ಊಟ ಮಾಡಿ ಜಗುಲಿಯಲ್ಲಿ ಕೂತಿದ್ದರು. 'ರೀ, ನೀವು ಯಾತಕ್ಕೆ ಇದ್ದೀರಿ?' ಅಂದೆ. ಜಗಳಕ್ಕೆ ಬಂದೆ ಅಂತ ತಿಳಿದು ಎದ್ದು ತೋಟಕ್ಕೆ ಹೋಗಿಬಿಟ್ಟರು.

ನೀನು ಹೇಳಿದ ಹಾಗೆ ಎಲ್ಲರನ್ನೂ ಕೇಳಿದೆ. ದೊಡ್ಡಪ್ಪ ಹೇಳಿದ್ದು: 'ಉದ್ದೇಶ ಏನೈತೋ ಕಾಣೆ, ಆವತ್ತು ನನ್ಗೆ ತಂಗಳು.' ಗಿಡ್ಡಯ್ಯ ಗೊತ್ತಲ್ಲ, ಎರಡೂ ಮನೆಗೆ ಕೂಲಿಗೆ ಬರ್ತಾನೆ, ಟಿಲ್ಲರ್ ಹೊಡೀತಾನೆ. ಅವನು ಕಾಫಿ ಲೋಟ ಕೆಳಗಿಟ್ಟು, 'ಬುಟ್ರೆ ಬುಟ್ಟೋಯ್ತದೆ ಕಣ್ರವ್ವ, ಅದ್ಕೆ' ಅಂದ. ಇದೂ ಒಂದು ಉತ್ತರವಾ? ನೀನೇ ನೋಡು.

ಭದ್ರಕ್ಕ ಮುಯ್ಯಿ ತೀರಿಸಲು ಬಂದ ದಿನವೇ ಕೇಳಿದೆ. ಅವಳು ನಮ್ಮ ಹಳೇ ಕಾಳುಮೆಣಸು ಕೇರುತ್ತಾ ಇದ್ದಳು. 'ಮುಯ್ಯಿಗೆ ಯಾತಕ್ಕೆ ಅಂತ ಇರ್ತದಾ? ನೀನ್ ಬಂದಿದ್ದೆ, ಅದ್ಕೆ ನಾನ್ ಬಂದೆ.' ನಾನು ಯಾಕೆ ಬಂದಿದ್ದೆ ಅಂತ ಕೇಳಿದೆ. 'ಅದ್ರ ಹಿಂದ್ಲ ಸಲ ನಾನ್ ಬಂದಿದ್ನಲ್ಲ ಮಾರಾಯ್ತಿ.' ಹಾಗಾದರೆ ಮೊದಲು ಬಂದವರು ಯಾರು? ಮೊರ ಕೆಳಗಿಟ್ಟು, 'ನಮ್ಮತ್ತೆನೋ ನಿಮ್ಮತ್ತೆನೋ. ಇಬ್ರೂ ಇಲ್ಲ. ಯಾಕೆ, ನಿಲ್ಲಿಸ್ಬೇಕು ಅಂತಿದೀಯಾ?' ಅಂದಳು. ಅಯ್ಯೋ ಇಲ್ಲ ಕಣಕ್ಕ, ನಮ್ಮ ಶೃತಿ ಓದಕ್ಕೆ ಬೇಕಂತೆ ಅಂದೆ. 'ಓದಕ್ಕಾ? ಹಂಗಾರೆ ಬರ್ಕೊಳ್ಳಿ' ಅಂತ ಮತ್ತೆ ಕೇರೋಕೆ ಶುರು ಮಾಡಿದಳು.

ಇಷ್ಟೇ ಸಿಕ್ಕಿದ್ದು. ಮೂರು ಜನ ಮೂರು ದಿಕ್ಕು. ನಿಮ್ಮ ಯೂನಿವರ್ಸಿಟಿಗೂ ನಮ್ಮೂರಿಗೂ ಏನು ವ್ಯತ್ಯಾಸ?

ಗಂಗಾಮಣಿ

---

ಹೈದರಾಬಾದ್
16 ಡಿಸೆಂಬರ್ 2024

ದೊಡ್ಡಮ್ಮ,

ಈ ಕವರಿನೊಳಗೆ ಪೇಪರಿನ ಒಂದು ಹಾಳೆ ಇದೆ, ಹರಿಯದ ಹಾಗೆ ಬಿಚ್ಚಿ. ಭಾನುವಾರದ ಪುರವಣಿಯಲ್ಲಿ ನನ್ನ ಲೇಖನ ಬಂದಿದೆ! ನಿಮ್ಮ ಹೆಸರು, ಭದ್ರಮ್ಮನ ಹೆಸರು ಎಲ್ಲೂ ಹಾಕಿಲ್ಲ. ಭದ್ರಮ್ಮನ ಬಗ್ಗೆ 'ಸಕಲೇಶಪುರದ ಕಡೆಯ ಒಬ್ಬ ಹಿರಿಯ ವಿಧವೆ' ಅಂತಷ್ಟೇ ಇದೆ. ಪೇಪರಿನವರು ಕೊಟ್ಟ ಜಾಗಕ್ಕೆ ಹಿಡಿಸಲಿಕ್ಕೆ ಕೆಲವು ವಿವರ ಬಿಡಬೇಕಾಯಿತು.

ಗೈಡ್ ಮೇಡಂ ಈ ಲೇಖನವನ್ನೇ ಬೆಳೆಸಿ ಅಧ್ಯಾಯ ಮಾಡು ಅಂದಿದ್ದಾರೆ. ನನಗೆ ಖುಷಿ ಆಗಿದೆ. ಉತ್ತರ ಸಿಕ್ಕಿತು ಅಂತ ಬರೆದಿದ್ದೇನೆ, ಆದರೆ ಅಚ್ಚಾಗಿ ಬಂದ ಮೇಲೆ ಓದಿದರೆ ಅದು ಯಾರೋ ಬೇರೆಯವರು ಬರೆದ ಹಾಗೆ ಇದೆ. ಮೊದಮೊದಲು ಹಾಗೇ ಅನ್ನಿಸುತ್ತದಂತೆ. ನಿಮಗೆ ಹೇಗನ್ನಿಸಿತು ಬರೆಯಿರಿ.

ಶೃತಿ

---

ಹೊಂಗಡಹಳ್ಳ
22 ಜನವರಿ 2025

ಮಗಾ,

ಕಾಫಿ ಹಣ್ಣು ಕುಯ್ಲು ಜೋರಾಗಿದೆ, ಉದ್ದ ಬರೆಯಲಾರೆ. ನಿನ್ನ ಹೆಸರು ಅಚ್ಚಿನಲ್ಲಿ ನೋಡಿ ನನಗೆ ಕಣ್ಣು ತುಂಬಿತು. ದೊಡ್ಡಪ್ಪ ಅದನ್ನು ಸ್ಟೋರಿನ ಗೋಡೆಗೆ ಅಂಟಿಸೋಣ ಅಂದರು, ನಾನು ಬಿಡಲಿಲ್ಲ, ಮಡಿಸಿ ಇಟ್ಟುಕೊಂಡೆ.

ಭದ್ರಕ್ಕ ಮೊನ್ನೆ ಕಣಕ್ಕೆ ಬಂದಿದ್ದಳು. ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಸೌದೆ ಬೇಕೆಂದೇ ಕೆಡವಿದ್ದು, ಮನೆಯಲ್ಲಿ ಮಾತಿಗೆ ಜನವಿಲ್ಲದ ವೃದ್ಧೆಯ ಒಂಟಿತನ ನೀಗುವುದೇ ಈಗ ಮುಯ್ಯಿಯ ನಿಜವಾದ ಕೆಲಸ ಅಂತ ನೀನು ಬರೆದಿದ್ದು, ಎಲ್ಲಾ. ಅವಳು ಸೌದೆಯ ಸಾಲು ಬಂದಾಗ ಬಗ್ಗಿ ಕಣದಲ್ಲಿ ಚೆಲ್ಲಿದ್ದ ಹಣ್ಣು ಆರಿಸೋಕೆ ಶುರುಮಾಡಿದಳು. ಮುಗಿದ ಮೇಲೆ 'ಚೆನ್ನಾಗ್ ಬರ್ದೈತೆ ಕಣೆ ನಿಮ್ ಕೂಸು' ಅಂದಳು. ಕಾಫಿ ಕಾಯಿಸ್ತೀನಿ ಇರು ಅಂದರೂ ನಿಲ್ಲಲಿಲ್ಲ, ಅವಳ ಮನೆಯಲ್ಲೂ ಕುಯ್ಲು ಅಲ್ವಾ. ಅವಳಿಗೂ ಒಳಗೊಳಗೇ ಹೆಮ್ಮೆ ಇರಬೇಕು.

ಆ ಪೇಪರು ಇನ್ನೆರಡು ಸಿಕ್ಕರೆ ಕಳಿಸು. ಮಗ್ಗೆಯ ನನ್ನ ನಾದಿನಿಗೆ ಒಂದು ಕೊಡಬೇಕು.

ಗಂಗಾಮಣಿ

---

ಹೈದರಾಬಾದ್
30 ಏಪ್ರಿಲ್ 2025

ದೊಡ್ಡಮ್ಮನಿಗೆ ನಮಸ್ಕಾರ.

ನೀವು ಕೇಳಿದ ಇನ್ನೆರಡು ಪೇಪರ್ ಕಳಿಸಿ ಎರಡು ತಿಂಗಳಾಯಿತು, ನಿಮ್ಮಿಂದ ಕಾಗದ ಇಲ್ಲ. ಅಮ್ಮನನ್ನು ಕೇಳಿದರೆ ನೀವು ಚೆನ್ನಾಗಿದ್ದೀರಿ, ಆದರೆ ಮಾತು ಕಮ್ಮಿ ಮಾಡಿದ್ದೀರಿ ಅನ್ನುತ್ತಾಳೆ. ನೀವು ಮಾತು ಕಮ್ಮಿ ಮಾಡುವುದು ಅಂದರೆ ಏನು ಅಂತ ನನಗೆ ಅರ್ಥವಾಗಲಿಲ್ಲ. ಮಂಡಿ ನೋವಾ? ನನ್ನ ಮೇಲೆ ಬೇಸರವಾ? ಲೇಖನದಲ್ಲಿ ನಿಮಗೆ ಕೃತಜ್ಞತೆ ಅಂತ ಒಂದು ಸಾಲು ಹಾಕದೇ ಹೋದೆ, ಪ್ರಬಂಧದಲ್ಲಿ ಮೊದಲ ಪುಟದಲ್ಲೇ ಹಾಕುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಈ ವರ್ಷದ ಮುಯ್ಯಿ ದಿನದ ಒಂದು ಫೋಟೋ ಬೇಕು. ಭದ್ರಮ್ಮ ಸೌದೆ ಕೆಡವಿದ್ದರೆ ಅದರದ್ದೇ ಆದರೂ ಪರವಾಗಿಲ್ಲ. ಪ್ರಬಂಧ ಕೊಡುವ ದಿನ ಹತ್ತಿರ ಬರುತ್ತಿದೆ.

ಶೃತಿ

---

ಹೊಂಗಡಹಳ್ಳ
27 ಜುಲೈ 2025

ಶೃತಿ,

ಫೋಟೋ ಇಲ್ಲ. ಫೋಟೋ ತೆಗೆಯುವ ಹಾಗೆ ಏನೂ ನಡೆಯಲಿಲ್ಲ.

ಹಣ್ಣಿನ ಕಾಲ ಮುಗಿದ ಮೇಲೆ ಭದ್ರಕ್ಕ ಈ ಕಡೆ ಬರುವುದು ಕಮ್ಮಿ ಮಾಡಿದಳು. ಕೆಲಸ ಇರುತ್ತೆ ಅಂದುಕೊಂಡೆ. ದಾರಿಯಲ್ಲಿ ಸಿಕ್ಕರೆ ನಗ್ತಾಳೆ, ಹೋಗ್ತಾಳೆ. ಮೊಮ್ಮಗಳಿಗೆ ಹುಷಾರಿಲ್ಲವೇನೋ, ಶಿವು ಏನಾದರೂ ಅಂದನೇನೋ ಅಂತ ನಾನೇ ಒಂದೊಂದು ಕಾರಣ ಕಟ್ಟಿಕೊಂಡೆ. ನಿನಗೆ ಬರೆಯೋಣ ಅಂತ ಕೂತರೆ ಏನು ಬರೆಯಬೇಕೋ ತೋಚುತ್ತಿರಲಿಲ್ಲ. ಮಳೆ ಹಿಡೀತು, ನನ್ನ ದಿನ ಬಂತು, ಹೋದೆ.

ಬಾಗಿಲಲ್ಲೇ, 'ಬನ್ನಿ, ಬನ್ನಿ, ಒಳಗ್ ಬನ್ನಿ' ಅಂದಳು. ಈ ಮೂವತ್ತು ವರ್ಷದಲ್ಲಿ ಅವಳು ನನಗೆ ಬನ್ನಿ ಅಂದದ್ದಿಲ್ಲ ಕಣೆ. ಬಾರೆ, ಹೋಗೆ, ಅಷ್ಟೇ. ಕೆಲಸ ಏನಿದೆ ಅಕ್ಕಾ ಅಂದೆ. 'ಕೆಲ್ಸ ಏನೂ ಇಲ್ಲ. ಒಂಟಿ ಮುದುಕಿಗೆ ಜೊತೆ ಕೊಡಕ್ ಬಂದಿದೀರ. ಕೂತ್ಕಳಿ, ಮಾತಾಡಣ' ಅಂದಳು. ಇದು ಪೇಪರಿನ ಮಾತು ಅಂತ ಆಗ ನನಗೆ ಗೊತ್ತಾಯಿತು. ಕುರ್ಚಿ ಹಾಕಿದಳು. ಸೊಸೆ ತಟ್ಟೆಯಲ್ಲಿ ಕಾಫಿ ಬಿಸ್ಕತ್ತು ತಂದಳು. ಟಿವಿ ಹಾಕಿದರು. ನಾನು ಎದ್ದು ಪೊರಕೆ ಹುಡುಕಿದೆ, ಅಂಗಳ ಆದರೂ ಗುಡಿಸೋಣ ಅಂತ. ಪೊರಕೆ ಎಲ್ಲೋ ಎತ್ತಿಟ್ಟಿದ್ದರು. ಊಟಕ್ಕೆ ಹಪ್ಪಳ ಪಾಯಸ ಎಲ್ಲಾ ಮಾಡಿಸಿದ್ದಳು. ಹೊರಡುವಾಗ ಸೊಸೆಯ ಕೈಲಿ ಅರಿಶಿನ ಕುಂಕುಮ ಕೊಡಿಸಿ, ಮೇಲೆ ಒಂದು ರವಿಕೆ ಕಣ! ನೆಂಟರಿಗೆ ಕೊಡುವ ಹಾಗೆ. ದಾರಿ ಉದ್ದಕ್ಕೂ ಆ ರವಿಕೆ ಕಣವನ್ನು ಎಲ್ಲಿ ಬಿಸಾಕಲಿ ಅಂತ ನೋಡಿಕೊಂಡು ಬಂದೆ, ಬಿಸಾಕಲಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ನಿನ್ನೆ ಬೆಳಗ್ಗೆ ಗಿಡ್ಡಯ್ಯ ಕತ್ತಿ ಹಿಡಿದು ಬಂದು ನಿಂತ. ನಾನು ಕರೆದಿರಲಿಲ್ಲ. 'ಭದ್ರಮ್ಮಾರು ಕಳ್ಸವ್ರೆ ಕಣ್ರವ್ವ. ಅವರ್ ಕಡೆಯಿಂದ ಒಂದಾಳು. ಕೂಲಿ ಅವರೇ ಕೊಟ್ಟವ್ರೆ' ಅಂದ. ಅವನ ಮುಖವೂ ಸಪ್ಪಗಿತ್ತು. ಬಂದ ಆಳನ್ನು ತಿರುಗಿ ಕಳಿಸಿದರೆ ಅದು ಇನ್ನೊಂದು ಮಾತಾಗುತ್ತೆ. ಚರಂಡಿ ಬಿಡಿಸು ಅಂದೆ. ಅವನು ಸಂಜೆಗೆ ಇಡೀ ಚರಂಡಿ ಬಿಡಿಸಿ, ಬೇಲಿ ಪಕ್ಕ ಕಳೆಯೂ ಸವರಿ ಹೋದ. ಭದ್ರಕ್ಕ ಅಷ್ಟು ಕೆಲಸ ಯಾವ ಕಾಲಕ್ಕೂ ಮಾಡಿದವಳಲ್ಲ.

ನೀನು ಓದಿದವಳು, ಹೇಳು. ಆಳಿಗೆ ಆಳು ಬಂತು. ಕೆಲಸವೂ ಆಯಿತು, ಊಟವೂ ಆಯಿತು. ಏನು ಆಗಲಿಲ್ಲ? ನಾನು ಅಷ್ಟೊಂದು ಅತ್ತಿದ್ದು ಯಾತಕ್ಕೆ?

ನಿನ್ನ ಪೇಪರನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ಅವಳ ಸೌದೆ ಇದೆ. ನಾನು ಬಿಚ್ಚಿದ ಚೀಲದ ಹೊಲಿಗೆ ಎಲ್ಲೂ ಇಲ್ಲ. ಮಗ ಸೊಸೆ ಮೊಮ್ಮಕ್ಕಳೂ ಇಲ್ಲ. ಓದುವಾಗ ನನಗೆ ಅದು ಹೊಳೆಯಲೇ ಇಲ್ಲ, ನಿನ್ನ ಹೆಸರು ನೋಡಿಕೊಂಡು ಗಟ್ಟಿಯಾಗಿ ಓದಿದೆ. ನಿನ್ನ ಮೇಲೆ ಸಿಟ್ಟು ಬಂದಿದೆ. ನನ್ನ ಮೇಲೆ ಅದಕ್ಕಿಂತ ಜಾಸ್ತಿ.

ಗಂಗಾಮಣಿ

---

ಹೈದರಾಬಾದ್
4 ಆಗಸ್ಟ್ 2025

ದೊಡ್ಡಮ್ಮ,

ಮೂರು ಸಲ ಬರೆದು ಹರಿದೆ. ಚೀಲದ ವಿಷಯ ನಾನು ಬಿಟ್ಟಿದ್ದು ಜಾಗ ಇಲ್ಲದ್ದಕ್ಕಲ್ಲ. ಅದನ್ನು ಹಾಕಿದರೆ ನಮ್ಮ ದೊಡ್ಡಮ್ಮನನ್ನು ನೋಡಿ ಜನ ನಗುತ್ತಾರೆ ಅಂತ ಬಿಟ್ಟೆ. ಭದ್ರಮ್ಮನನ್ನು ನೋಡಿ ನಗುತ್ತಾರೆ ಅಂತ ನನಗೆ ಅನ್ನಿಸಲೇ ಇಲ್ಲ. ಒಂಟಿತನ ಅಂತ ಬರೆದರೆ ವಾದ ಚೆನ್ನಾಗಿ ಕೂರುತ್ತಿತ್ತು, ಅದಕ್ಕೆ ಅವರ ಮನೆಯವರನ್ನೆಲ್ಲ ಖಾಲಿ ಮಾಡಿಸಿದೆ.

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿದೆ. ನನ್ನ ಹತ್ತಿರ ಇರುವ ಎಲ್ಲ ವ್ಯಾಖ್ಯಾನದ ಪ್ರಕಾರವೂ ಮುಯ್ಯಿ ಪೂರ್ತಿಯಾಗಿದೆ. ಮಾಡುವ ಕೆಲಸ ಅಂದರೂ ಸರಿ, ಊರಿಗೆ ಆಗುವ ಪ್ರಯೋಜನ ಅಂದರೂ ಸರಿ. ಎಲ್ಲ ಸರಿ ಇದ್ದು ಪೂರ್ತಿ ತಪ್ಪಾಗಿದೆ ಅನ್ನುವುದು ಮಾತ್ರ ನನಗೆ ಗೊತ್ತಾಗುತ್ತದೆ, ಹೇಗೆ ಅನ್ನುವುದು ಗೊತ್ತಾಗುತ್ತಿಲ್ಲ. ಆ ಅಧ್ಯಾಯವನ್ನು ಮೇಡಂ ಹತ್ತಿರದಿಂದ ವಾಪಸ್ ತೆಗೆದುಕೊಂಡಿದ್ದೇನೆ. ಈಗ ಏನು ಕೊಡುತ್ತೀಯ ಅಂತ ಕೇಳುತ್ತಿದ್ದಾರೆ.

ಭದ್ರಮ್ಮನಿಗೆ ಕ್ಷಮೆ ಕೇಳಿ ಒಂದು ಕಾಗದ ಬರೆದಿದ್ದೇನೆ. ನಿಮಗೆ ಕಳಿಸಲಾ? ಓದಿ ಹೇಳುತ್ತೀರಾ? ನನಗೆ ಭಯವಾಗುತ್ತಿದೆ ದೊಡ್ಡಮ್ಮ.

ಶೃತಿ

---

ಹೊಂಗಡಹಳ್ಳ
25 ಆಗಸ್ಟ್ 2025

ಮಗಾ ಶೃತಿ,

ಕಾಗದ ಕಳಿಸಬೇಡ. ಒಂದು ಸಲ ಓದಿ ಹೇಳಿ ಆಗಿದೆ, ಸಾಕು.

ನಿನ್ನ ಕಾಗದ ಬಂದಾಗ ನಾನು ಕೆಳಗಿನ ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಅಂಚೆಯವನು ಅಲ್ಲಿಗೇ ತಂದುಕೊಟ್ಟ. ಗದ್ದೆ ತುಂಬ ಹುಲ್ಲು, ಮುಳ್ಳು. ನೀನು ಭಯ ಅಂತ ಬರೆದದ್ದನ್ನು ಓದಿ ನನಗೂ ಭಯ ಆಯಿತು. ಇನ್ನು ಹೀಗೇ ಬಿಟ್ಟರೆ ಭದ್ರಕ್ಕ ದಾರಿಯಲ್ಲಿ ಸಿಕ್ಕಿ ನಕ್ಕು ಹೋಗುವವಳಾಗಿ ಉಳಿದುಬಿಡ್ತಾಳೆ. ಅವಳಿಲ್ಲದೆ ಈ ಊರಲ್ಲಿ ನನಗೆ ಯಾರೂ ಇಲ್ಲ ಅಂತಲ್ಲ. ನನಗೂ ನಿಮ್ಮ ದೊಡ್ಡಪ್ಪ ಇದ್ದಾರೆ, ಅಕ್ಕಪಕ್ಕದವರಿದ್ದಾರೆ. ಆದರೂ ಅವಳು ಬೇಕು. ಯಾತಕ್ಕೆ ಅಂದರೆ ನನಗೆ ಬರಲ್ಲ ಮಗಾ, ಬೇಕು ಅಷ್ಟೇ.

ಮರುದಿನ ಗಿಡ್ಡಯ್ಯನ ಕೈಲಿ ಟಿಲ್ಲರ್ ತರಿಸಿ ಒಂದು ಗದ್ದೆ ಉಳುಮೆ ಮಾಡಿಸಿದೆ. ಮಗ್ಗೆಯ ನಾದಿನಿ ಮನೆಯಲ್ಲಿ ನಾಟಿ ಮುಗಿದು ಸಸಿ ಮಿಕ್ಕಿತ್ತು, ಜೀಪಿನಲ್ಲಿ ಹಾಕಿಸಿಕೊಂಡು ಬಂದೆ. ನಿಮ್ಮ ದೊಡ್ಡಪ್ಪ ತಲೆ ಚಚ್ಚಿಕೊಂಡರು. 'ಆನೆ ಹಿಂಡು ಬಿಸಿಲೆ ಕಾಡಿನ ಕಡೆಯಿಂದ ಇತ್ಲಾಗೇ ಬತ್ತೈತೆ ಅಂತ ಮೆಸೇಜ್ ಬಂದೈತೆ. ಇವಳು ಆನೇಗೆ ಎಲೆ ಹಾಕ್ತಾವ್ಳೆ' ಅಂದರು. ಹೌದು ಅಂದೆ.

ಸಂಜೆ ಭದ್ರಕ್ಕನ ಮನೆ ಬಾಗಿಲಿಗೆ ಹೋದೆ. ಒಳಗೆ ಹೋಗಲಿಲ್ಲ. ಹೋದರೆ ಕುರ್ಚಿ ಹಾಕ್ತಾಳೆ. ಹೊರಗಿಂದಲೇ, 'ನಾಳೆ ನಮ್ಮಲ್ಲಿ ನಾಟಿ. ಒಂದಾಳು ಬೇಕು' ಅಂದೆ. ಅತ್ತೆಯವರು ಕರೀತಿದ್ದ ಹಾಗೇ. ನೀನೇ ಬಾ ಅನ್ನಲಿಲ್ಲ, ಹಾಗೆ ಕರೆಯುವ ಪದ್ಧತಿ ಇಲ್ಲ. ಅವಳು ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ, 'ನಾಟಿನಾ? ಯಾರ್ ತಿನ್ನಕ್ಕೆ?' ಅಂದಳು. ಗೊತ್ತಿಲ್ಲ ಅಂದೆ. ಅವಳು ಬರ್ತೀನಿ ಅನ್ನಲಿಲ್ಲ, ಬರಲ್ಲ ಅನ್ನಲಿಲ್ಲ.

ಬೆಳಗ್ಗೆ ನಾನು, ದೊಡ್ಡಪ್ಪ ಕೆಸರಿಗಿಳಿದಿದ್ದೆವು. ನೋಡ್ತೀನಿ, ಬದುವಿನ ಮೇಲೆ ಗಿಡ್ಡಯ್ಯ ಬರ್ತಿದಾನೆ. 'ಭದ್ರಮ್ಮಾರು ಕಳ್ಸವ್ರೆ' ಅಂದ. ಮುಗೀತು ಅಂದುಕೊಂಡೆ. ಅಳು ಬಂದರೆ ದೊಡ್ಡಪ್ಪನ ಮುಂದೆ ಏನು ಅಂತ ಬಗ್ಗಿ ನೆಟ್ಟೆ, ಎಲ್ಲಿ ನೆಟ್ಟೆನೋ ದೇವರಿಗೇ ಗೊತ್ತು.

'ಅದೇನೇ ಅದು ಸಾಲು, ಹಾವ್ ಹರ್ದಂಗೆ!' ಅಂತ ಕೇಳಿಸ್ತು. ತಲೆ ಎತ್ತಿದರೆ ಭದ್ರಕ್ಕ, ಮಳೆಗೆ ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಸೀರೆ ಎತ್ತಿ ಕಟ್ಟಿಕೊಂಡು ಬದುವಿನ ಮೇಲೆ ನಿಂತಿದಾಳೆ. ಒಂದಾಳು ಕಳಿಸಿದ್ದೆಯಲ್ಲ ಅಕ್ಕಾ ಅಂದೆ. 'ಒಂದಾಳು ಅಂದಿದ್ದೆ. ಗದ್ದೆ ನೋಡುದ್ರೆ ಎರಡಾಳ್ ಬೇಕು. ಲೆಕ್ಕ ಬರಲ್ವೇನೆ ನಿನ್ಗೆ?' ಅಂತ ಬೈಕೊಂಡೇ ಇಳಿದಳು. ನಾನು ನೆಟ್ಟದ್ದರಲ್ಲಿ ಅರ್ಧ ಕಿತ್ತು ಮತ್ತೆ ನೆಟ್ಟಳು. ಇಡೀ ದಿನ ಬೈದಳು. ನನ್ನನ್ನು, ದೊಡ್ಡಪ್ಪನನ್ನು, ಸಸಿಯನ್ನು, ಮಗ್ಗೆಯವರನ್ನೂ ಬಿಡಲಿಲ್ಲ. ಪೇಪರಿನ ಮಾತು ಮಾತ್ರ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಉಂಡಳು. ಸಾರಿಗೆ ಉಪ್ಪು ಕಮ್ಮಿ ಅಂದಳು.

ಸಿಟ್ಟು ಹೋಗಿದೆಯಾ ಅಂತ ನನಗೆ ಗೊತ್ತಿಲ್ಲ. ಆ ಭತ್ತ ಅಕ್ಕಿಗೆ ನೆಟ್ಟೆನಾ, ಆನೆಗಾ, ಭದ್ರಕ್ಕನಿಗಾ, ಅದೂ ಗೊತ್ತಿಲ್ಲ. ಗೊತ್ತಾಗಿರೋದು ಒಂದೇ. ಸಂಜೆ ಕಾಲು ತೊಳೆಯುತ್ತಾ, 'ಎರಡಾಳ್ ಬಂದವ್ರೆ. ನಿಂದು ಎರಡಾಳ್ ಬಾಕಿ' ಅಂದಳು. ಮತ್ತೆ ಬಾಕಿ ಇಟ್ಟಳು ಕಣೆ! ನನಗೆ ಅವಳ ಕಾಲಿಗೆ ಬೀಳೋಣ ಅನ್ನಿಸಿತು.

ದೊಡ್ಡಪ್ಪ ಬರಲ್ಲ, ಅವರ ಸೊಂಟ ಆವತ್ತೇ ಹಿಡಿದಿದೆ. ಇನ್ನೊಂದಾಳಿಗೆ ಎಲ್ಲಿ ಹೋಗಲಿ? 'ನಮ್ಮ ಶೃತಿ ಬಂದರೆ ಲೆಕ್ಕಕ್ಕೆ ಆಗುತ್ತಾ?' ಅಂತ ಕೇಳಿಬಿಟ್ಟೆ. ಅವಳು ಸೀರೆಯ ಅಂಚು ಹಿಂಡಿ ಕೊಡವಿದಳು.

'ಕೆಲ್ಸ ಬತ್ತದಾ ಅದ್ಕೆ?'

ಬರಲ್ಲ ಅಕ್ಕಾ ಅಂದೆ.

'ಹಂಗಾರೆ ಅರ್ಧ ಆಳು' ಅಂದಳು. 'ಎರಡ್ ದಿನ ಬರ್ಲಿ.'

ದಸರಾ ರಜೆಗೆ ಬಾ. ಕೆಸರಿಗೆ ಆಗುವಂಥ ಬಟ್ಟೆ ಎರಡು ಜೊತೆ ಇಟ್ಟುಕೋ.

ಗಂಗಾಮಣಿ ದೊಡ್ಡಮ್ಮ